ನೀರು ಇಳಿಯದ ಒಳಲಂಗ

ಹೋದ ತಿಂಗಳು ಕೈಚೀಲ ಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನೀಲಿ ಬಣ್ಣದ ಚೀಲವೊಂದನ್ನು ಎತ್ತಿ ಹಿಡಿದು, ತಾವು ಕುಡಿಯುವ ಬಾಟಲಿಯ ನೀರನ್ನೇ ಅದರ ಮೇಲೆ ಬಗ್ಗಿಸಿದರು. ನೀರು ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು.

"ನೋಡ್ರಿ ಅಮ್ಮಾರ, ಒಂದ ಹನಿ ಒಳಗ ಹೋಗಂಗಿಲ್ಲ. ವಾಟರ್‌ಪ್ರೂಫ್!"

"ಹೊಲಿಗಿ ಮ್ಯಾಲ ಹಾಕ್ರಿ ನೋಡೋಣ" ಎಂದೆ.

ಅವರು ಸ್ವಲ್ಪ ಅನುಮಾನಿಸಿದರು. ಆಮೇಲೆ ಹೊಲಿಗೆಯ ಮೇಲೆ ಒಂದು ಧಾರೆ ಬಿಟ್ಟರು. ಸೂಜಿ ಚುಚ್ಚಿದ ತೂತುಗಳಿಂದ ನೀರು ಸದ್ದಿಲ್ಲದೆ ಒಳಗಿಳಿಯಿತು. ಅಂಗಡಿಯವರು ಚೀಲ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವು ಮೊದಲ ಇದೇ ವ್ಯಾಪಾರದಾಗ ಇದ್ರೇನ್ರಿ?" ಎಂದು ಕೇಳಿದರು.

"ಇದ್ದೆ. ಗಿರಾಕಿ ನಾ ಒಬ್ಬಾಕಿನ" ಎಂದು ಹೇಳಿ ನಗುತ್ತ ಹೊರಗೆ ಬಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ವಿವರಿಸಲೂ ಇಲ್ಲ. ನಿಮಗೆ ಹೇಳುತ್ತೇನೆ. ವಯಸ್ಸಾದ ಮೇಲೆ ನಾಚಿಕೆಯೂ ಹಳೆಯ ಸೀರೆಯ ಬಣ್ಣದ ಹಾಗೆ, ಒಗೆದು ಒಗೆದು ಹೋಗಿರುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಗ್ರಾಮಸೇವಿಕೆ. ಮನೆ ವಿಜಯಪುರದಲ್ಲಿ. ನಾವೆಲ್ಲ ಬಿಜಾಪುರ ಎನ್ನುತ್ತಿದ್ದ ಕಾಲ ಅದು, ನನ್ನ ನಾಲಿಗೆಗೆ ಇನ್ನೂ ಅದೇ ಮೊದಲು ಬರುತ್ತದೆ. ಕೆಲಸ ಮಾತ್ರ ತಿಕೋಟಾ ಮತ್ತು ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ. ಕೂಸುಗಳನ್ನು ತೂಗುವುದು, ಬಾಣಂತಿಯರನ್ನು ವಿಚಾರಿಸುವುದು, ಹೆಂಗಸರನ್ನು ಕೂಡಿಸಿ ಹೊಗೆ ಇಲ್ಲದ ಒಲೆ ಹಾಕುವುದನ್ನು ಕಲಿಸುವುದು. ಮುಂಜಾನೆ ಬಸ್ಸು ಹಿಡಿದು ಹೋದರೆ ತಿರುಗಿ ಮನೆ ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ನಡುವೆ ನಡಿಗೆ, ಚಕ್ಕಡಿ, ಅದೃಷ್ಟವಿದ್ದ ದಿನ ನಮ್ಮ ಸಾಹೇಬರ ಜೀಪು.

ಆ ನೆಲವನ್ನು ನೋಡಿದವರಿಗೆ ನನ್ನ ಕಷ್ಟ ಅರ್ಧ ಹೇಳಿದರೇ ಸಾಕು. ಎರಿ ಭೂಮಿ, ರೊಟ್ಟಿ ಬಡಿಯುವ ಕಲ್ಲಿನ ಹಾಗೆ ಸಪಾಟು. ಜೋಳ ಎದೆಯೆತ್ತರ ಬೆಳೆದ ಎರಡು ಮೂರು ತಿಂಗಳು ಬಿಟ್ಟರೆ ಕಣ್ಣಿಗೆ ಅಡ್ಡವಾಗುವುದು ಯಾವುದೂ ಇಲ್ಲ. ದೂರದಲ್ಲಿ ಒಂದು ಜಾಲಿ ಗಿಡ ಕಂಡಿತೆಂದು ಆಸೆಯಿಂದ ಹೋದರೆ ಅದರ ಬುಡದಲ್ಲಿ ನಾಲ್ಕು ಆಡು, ಆಡುಗಳ ಪಕ್ಕದಲ್ಲಿ ಅವುಗಳನ್ನು ಕಾಯುವವನು, ಅವನ ಪಕ್ಕದಲ್ಲಿ ಅವನೊಡನೆ ಮಾತಾಡಲು ಬಂದವನು.

ಗಂಡಸರಿಗೆ ಈ ತೊಂದರೆ ಇರಲಿಲ್ಲ. ನಮ್ಮ ಸಾಹೇಬರು ನಡುದಾರಿಯಲ್ಲಿ ಜೀಪು ನಿಲ್ಲಿಸಿ, "ಒಂದ ನಿಮಿಷ ಅಕ್ಕಾರ" ಎಂದು ಇಳಿದು, ಇಡೀ ಜಿಲ್ಲೆಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ಬೆನ್ನು ತಿರುಗಿಸಿದರೆ ಅವರಿಗೆ ಮರೆಯಾಯಿತು. ಡ್ರೈವರು ಇನ್ನೊಂದು ದಿಕ್ಕಿಗೆ. ನಾನು ಜೀಪಿನೊಳಗೆ ಕುಳಿತು ಮಹಿಳಾ ಮಂಡಲದ ಹಾಜರಿ ಪುಸ್ತಕ ತೆಗೆದು ಓದುತ್ತಿದ್ದೆ. ಆ ಪುಸ್ತಕವನ್ನು ನನ್ನಷ್ಟು ಶ್ರದ್ಧೆಯಿಂದ ಓದಿದವರು ಸರ್ಕಾರದಲ್ಲಿ ಬೇರೆ ಯಾರೂ ಇರಲಾರರು.

ಊರೊಳಗೆ ಮನೆಗಳಿರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಆದರೆ ಊರಿನ ಹೆಂಗಸರು ಹೋಗುತ್ತಿದ್ದುದು ಸೂರ್ಯ ಹುಟ್ಟುವ ಮುಂಚೆ, ಮತ್ತೆ ಸೂರ್ಯ ಮುಳುಗಿದ ಮೇಲೆ, ಗುಂಪಾಗಿ. ನಡುಹಗಲಿನಲ್ಲಿ ಹೊರಗಿನಿಂದ ಬಂದ ಒಬ್ಬ ಅಕ್ಕಾರು ಬಾಯಿ ಬಿಟ್ಟು ಕೇಳಿದರೆ ಅದು ಸುದ್ದಿ. ಯಾರದೋ ಬಚ್ಚಲು ಖಾಲಿ ಮಾಡಿಸಬೇಕು, ಪಡಸಾಲೆಯಲ್ಲಿ ಕುಳಿತ ಮಾವನನ್ನು ಎಬ್ಬಿಸಬೇಕು. ನನ್ನಿಂದ ಅದು ಆಗಲಿಲ್ಲ. ಸುಲಭದ ಉಪಾಯ ಒಂದೇ ಇತ್ತು. ಮುಂಜಾನೆ ಮನೆ ಬಿಡುವಾಗ ಅರ್ಧ ಕಪ್ಪು ಚಹಾ, ಆಮೇಲೆ ಸಂಜೆಯವರೆಗೆ ಒಂದು ಗುಟುಕು ನೀರೂ ಇಲ್ಲ.

ನಮ್ಮ ಅಜ್ಜಿಯ ಕಾಲಕ್ಕೆ ಇದು ಸಮಸ್ಯೆಯೇ ಆಗಿರಲಿಲ್ಲ. ಅಜ್ಜಿಯ ಊರು ಕನಮಡಿ. ಎಂಟು ಗಜದ ಸೀರೆ, ಒಳಗೆ ಲಂಗವಿಲ್ಲ, ಏನೂ ಇಲ್ಲ. ಹೊಲದ ಬದುವಿನ ಮೇಲೆ ನಿಂತು ಆಚೆ ಹೊಲದವಳೊಡನೆ ಸೊಸೆಯ ಬಗ್ಗೆಯೋ ಎಮ್ಮೆಯ ಬಗ್ಗೆಯೋ ಮಾತಾಡುತ್ತ, ಕಾಲು ಸ್ವಲ್ಪ ಅಗಲಿಸಿ, ಸೀರೆ ಚೂರು ಮುಂದೆ ಎಳೆದುಕೊಂಡು, ನಿಂತಲ್ಲೇ ಕೆಲಸ ಮುಗಿಸುತ್ತಿದ್ದಳು. ಮಾತು ಒಂದಕ್ಷರ ತಪ್ಪುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ, "ಅಜ್ಜೀ, ನೀ ನಿಂತಲ್ಲಿ ನೆಲ ಯಾಕ ತೊಯ್ದೈತಿ?" ಎಂದು ಕೇಳಿದ್ದೆ. "ಭೂಮಿತಾಯಿಗೆ ನೀರಡಿಕಿ ಆಗಿತ್ತ, ಕೊಟ್ಟೆ" ಎಂದಿದ್ದಳು. ನಾನು ಬಹಳ ದಿನ ಅದನ್ನು ಒಂದು ಪೂಜೆ ಎಂದೇ ತಿಳಿದಿದ್ದೆ.

ನಾನು ಓದಿದವಳು, ಲಂಗ ಉಟ್ಟವಳು, ಚಪ್ಪಲಿ ಹಾಕಿದವಳು. ಅಜ್ಜಿಯ ವಿದ್ಯೆ ನನ್ನ ಕೈಗೆ ದಾಟಲಿಲ್ಲ.

ನೀರು ಬಿಟ್ಟು ಎರಡು ಬೇಸಿಗೆ ಕಳೆದೆ. ಮೂರನೆಯ ಬೇಸಿಗೆಯ ಮೊದಲಿಗೆ ಚಳಿಜ್ವರ ಬಂದು, ಸೊಂಟದ ಹಿಂದೆ ಯಾರೋ ಗುದ್ದಿದ ಹಾಗೆ ನೋವೆದ್ದು, ಮೂರು ದಿನ ಹಾಸಿಗೆ ಹಿಡಿದೆ. ನಮ್ಮ ಮನೆಯವರು ಶಾಲೆಗೆ ರಜೆ ಹಾಕಿ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಆಕೆ ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು.

"ಹಗಲೊತ್ತು ನೀರ ಎಷ್ಟ ಕುಡೀತಿ?"

"ಕುಡಿಯಂಗಿಲ್ರಿ."

"ಕುಡಿಯಂಗಿಲ್ಲ? ಈ ಬಿಸಲಾಗ? ಮತ್ತ ಒಂದಕ್ಕ ಬಂದ್ರ ಏನ ಮಾಡ್ತಿ?"

"ತಡಕೋತೀನ್ರಿ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನೋಡವಾ, ಹಳ್ಯಾಗ ಕೂಸಿನ ತಾಯಂದ್ರಿಗೆ ಆರೋಗ್ಯದ ಪಾಠ ಹೇಳಾಕಿ ನೀನು. ಇನ್ನೊಂದ ವರ್ಷ ಹಿಂಗ ಮಾಡಿದ್ರ ನಿನ್ನ ಕಿಡ್ನಿ ನಿನ್ನ ಕೈ ಬಿಡ್ತಾವ. ನೀರ ಕುಡಿ, ಬಂದಾಗ ಹೋಗು. ಇಲ್ಲಾಂದ್ರ ನೌಕರಿ ಬಿಡು."

ನೌಕರಿ ಬಿಡುವ ಮಾತು ನನಗೆ ಜ್ವರಕ್ಕಿಂತ ಹೆಚ್ಚು ಚಳಿ ಹುಟ್ಟಿಸಿತು. ಆ ಕೆಲಸ ನನಗೆ ಇಷ್ಟವಿತ್ತು. ತೂಕದ ಚೀಲದಲ್ಲಿ ಕೂಸು ಕಾಲು ಝಾಡಿಸುವಾಗ ಮುಳ್ಳು ಹೋದ ತಿಂಗಳಿಗಿಂತ ಸ್ವಲ್ಪ ಮುಂದೆ ಸರಿದದ್ದನ್ನು ತಾಯಿಗೆ ತೋರಿಸುವ ಸಂತೋಷ ಬೇರೆ ಎಲ್ಲಿ ಸಿಗುತ್ತದೆ?

ಇದಕ್ಕಿಂತ ಒಳಗಿನ ನೋವು ಇನ್ನೊಂದಿತ್ತು. ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಬಬಲೇಶ್ವರದ ಹತ್ತಿರ ಒಂದು ಹಳ್ಳಿ. ಅಲ್ಲಿ ಊರ ಹೊರಗಿನ ಕೇರಿಯಲ್ಲಿ ಎಲ್ಲವ್ವ ಎಂಬ ಹೆಂಗಸಿದ್ದಳು. ನಲವತ್ತೈದರ ಸುಮಾರು, ಎತ್ತರದ ಆಳು, ಕೇರಿಯ ಎಲ್ಲ ಹೆರಿಗೆಗೂ ಅವಳೇ ಮುಂದು. ನಾನು ಹೋದಾಗಲೆಲ್ಲ ಅವಳ ಮನೆಯ ಅಂಗಳದಲ್ಲೇ ತಕ್ಕಡಿ ತೂಗುಹಾಕುತ್ತಿದ್ದೆ. ಹೋದ ತಕ್ಷಣ ಅವಳು ಬೆಳಗಿದ ತಂಬಿಗೆಯಲ್ಲಿ ನೀರು ತಂದು ಮುಂದಿಡುತ್ತಿದ್ದಳು. "ಬ್ಯಾಡ ಎಲ್ಲವ್ವ, ನೀರಡಿಕಿ ಇಲ್ಲ" ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಊರೊಳಗಿನ ಗೌಡರ ಮನೆಯಲ್ಲೂ, ತಿಕೋಟಾದ ಮುಲ್ಲಾರ ಮನೆಯಲ್ಲೂ ಅದನ್ನೇ ಹೇಳುತ್ತಿದ್ದೆ. ಆದರೆ ಎಲ್ಲವ್ವನಿಗೆ ಅದು ಹೇಗೆ ಗೊತ್ತಾಗಬೇಕು? ಅವಳಿಗೆ ಕಂಡದ್ದು ಇಷ್ಟೇ: ಉರಿ ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದವಳು, ತುಟಿ ಒಣಗಿದವಳು, ನಮ್ಮ ತಂಬಿಗೆ ಮುಟ್ಟುವುದಿಲ್ಲ.

ಹತ್ತು ತಿಂಗಳು ಸುಮ್ಮನಿದ್ದು ಒಂದು ದಿನ ಅವಳು ಹೇಳಿಯೇಬಿಟ್ಟಳು. ಅಂಗಳದ ತುಂಬ ಹೆಂಗಸರಿದ್ದರು.

"ಅಕ್ಕಾರ, ನಮ್ಮ ಕೂಸ ಎತ್ತಿಕೊಳ್ತೀರಿ, ಅದರ ಮೂಗಿನ ಸುಂಬಳಾ ನಿಮ್ಮ ಸೆರಗಿಗೆ ಒರಸ್ತೀರಿ. ನಮ್ಮ ನೀರ ಮಾತ್ರ ನಿಮ್ಮ ಗಂಟಲಾಗ ಇಳಿಯಂಗಿಲ್ಲೇನ್ರಿ?"

ನಾನು ಏನೋ ತೊದಲಿದೆ. ಖರೇ ಕಾರಣ ನಾಲಿಗೆಯ ತುದಿಯಲ್ಲಿತ್ತು, ಅಲ್ಲೇ ಅಂಟಿ ಕುಳಿತಿತ್ತು. ಎಲ್ಲವ್ವ ತಂಬಿಗೆ ಎತ್ತಿ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದಳು. ಆ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಡಾಕ್ಟರ ಹತ್ತಿರ ಹೋಗಿಬಂದ ಮೇಲೆ ನನ್ನ ಮುಖ ನೋಡಿ ಮೊದಲು ಕೇಳಿದವರು ಪಕ್ಕದ ಮನೆಯ ಜುಲೇಖಾ ಆಪಾ. ನನಗಿಂತ ಹದಿನೈದು ವರ್ಷ ಹಿರಿಯರು, ಓಣಿಯ ಹೆಂಗಸರ ಕುಪ್ಪಸಗಳನ್ನೆಲ್ಲ ಹೊಲಿಯುವವರು. ಅವರ ಗಂಡ ಇಮಾಮಸಾಬರದು ಓಣಿಯ ಬಾಯಲ್ಲೇ ಸೈಕಲ್ ರಿಪೇರಿ ಅಂಗಡಿ. ಆಪಾ ಎದುರು ಎಲ್ಲ ಹೇಳಿದೆ. ಅವರು ನಗಲಿಲ್ಲ. ಮಿಷಿನ್ನಿನ ಗಾಲಿ ನಿಲ್ಲಿಸಿದರು.

"ಬಯಲಾಗ ಕೂಡ್ರಾಕ ಆಗಂಗಿಲ್ಲ. ತಡಕೊಂಡ್ರ ಬ್ಯಾನಿ. ಹಂಗಾದ್ರ ನಿಂತಲ್ಲೇ ಬಿಡಬೇಕು, ಹೊರಗ ಕಾಣಬಾರದು. ಇಷ್ಟ ಹೌದಲ್ಲೋ?"

"ಹೌದ್ರಿ ಆಪಾ. ಆದ್ರ ಸೀರಿ ತೊಯ್ತೈತಿ."

"ಸೀರಿ ತೊಯ್ಯಲಾರದಂಗ ಮಾಡೋದ ನನ್ನ ಕೆಲಸ. ಬಿಡೋದ ನಿನ್ನ ಕೆಲಸ."

ಹೀಗೆ ನಮ್ಮ ಕಾರಖಾನೆ ಶುರುವಾಯಿತು. ಯೋಜನೆ ಸರಳ. ಲಂಗದ ಒಳಗೆ ಒಂದು ಚಡ್ಡಿ, ಅದರೊಳಗೆ ನೀರು ಹೀರಲು ಹಳೆ ಧೋತರದ ಮಡಿಕೆಗಳು, ಹೊರಗೆ ನೀರು ದಾಟದ ಬಟ್ಟೆ, ಹಿಂದೆ ಕೂಡುವಲ್ಲಿ ಲಂಗಕ್ಕೂ ಅದೇ ಬಟ್ಟೆಯ ಅಸ್ತರು. ಎಲ್ಲ ಸರಿ, ಆದರೆ ನೀರು ದಾಟದ ಬಟ್ಟೆ ಯಾವುದು?

ಮೊದಲು ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ತಂದೆವು. ನೀರು ದಾಟಲಿಲ್ಲ, ನಿಜ. ಆದರೆ ಒಂದು ಹೆಜ್ಜೆ ಇಟ್ಟರೆ ಪರ್ ಎನ್ನುತ್ತಿತ್ತು, ಕುಳಿತರೆ ಪರ್ ಪರ್. ನಾನು ಅಡಿಗೆ ಮನೆಯಿಂದ ಪಡಸಾಲೆಗೆ ನಡೆದರೆ ನಮ್ಮ ಮನೆಯವರು ಪತ್ರಿಕೆ ಇಳಿಸಿ, ಹಂಚಿನ ಮೇಲೆ ಹಲ್ಲಿ ಓಡಾಡುತ್ತಿದೆಯೇನೋ ಎಂದು ಸೂರು ನೋಡಿದರು.

ಆಮೇಲೆ ಮೇಣ. ಮೇಣಬತ್ತಿ ಕರಗಿಸಿ ಬಟ್ಟೆಗೆ ಬಳಿದೆವು. ಅದು ಒಣಗಿ ಹಪ್ಪಳವಾಯಿತು, ನಡೆದಲ್ಲೆಲ್ಲ ಬಿಳಿ ಚೂರು ಉದುರಿತು. ಮೂರನೆಯದು ಅಗಸೆ ಎಣ್ಣೆ. ಚಕ್ಕಡಿಯ ಮೇಲೆ ಹೊದಿಸುವ ತಾಡಪತ್ರಿಗೆ ಹಿಂದಿನವರು ಅದನ್ನೇ ಹಚ್ಚುತ್ತಿದ್ದರೆಂದು ಆಪಾ ಹೇಳಿದರು. ಕಾಯಿಸಿ, ಬಳಿದು, ಮಾಳಿಗೆಯ ಮೇಲೆ ಎಂಟು ದಿನ ಒಣಗಿಸಿ, ಮತ್ತೆ ಬಳಿದೆವು. ಒಣಗಿತೆಂದು ತಿಳಿದು ಉಟ್ಟು ಆಪಾ ಮನೆಯ ಸ್ಟೂಲಿನ ಮೇಲೆ ಕುಳಿತೆ. ಏಳುವಾಗ ಸ್ಟೂಲೂ ಒಂದು ಕ್ಷಣ ನನ್ನ ಜೊತೆಗೆ ಎದ್ದಿತು. ಆಪಾ ಆಗ ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಕೊನೆಗೆ ಹೊಳೆದದ್ದು ಹೆರಿಗೆಯ ಹಾಸಿಗೆಗೆ ಹಾಕುವ ಕೆಂಪು ರಬ್ಬರ್ ಹಾಳೆ. ಮೆತ್ತಗಿರುತ್ತದೆ, ಸದ್ದು ಮಾಡುವುದಿಲ್ಲ. ಔಷಧದ ಅಂಗಡಿಗೆ ಹೋಗಿ ಒಂದು ಗಜ ಕೇಳಿದೆ. ಅಂಗಡಿಯವರು ಹಿರಿಯರು, ನಮ್ಮ ಮನೆಯವರ ಪರಿಚಯದವರು. ಹಾಳೆ ಸುತ್ತಿ ಕೊಡುತ್ತ ಮುಗುಳ್ನಕ್ಕರು. ನಾನೂ ನಕ್ಕು ಬಂದೆ. ಮರುದಿನ ನಮ್ಮ ಮನೆಯವರು ಶಾಲೆಯಿಂದ ವಿಚಿತ್ರ ಮುಖ ಮಾಡಿಕೊಂಡು ಬಂದರು. ಸಂತೋಷವೋ ಗಾಬರಿಯೋ ತಿಳಿಯದು.

"ಶಾಂತಾ, ಔಷಧದ ಅಂಗಡಿ ಕಾಕಾ ಪೇಢೆ ಯಾವಾಗ ಅಂತ ಕೇಳಿದ್ರು. ನನಗ ಹೇಳೋದಲ್ಲೇನ ಮೊದಲ?"

ಅವರ ಕಣ್ಣಲ್ಲಿದ್ದ ಬೆಳಕು ನೋಡಿ ನನಗೆ ಪಾಪ ಅನಿಸಿತು. ರಬ್ಬರ್ ಹಾಳೆ ಯಾಕೆಂದು ವಿವರವಾಗಿ ಹೇಳಬೇಕಾಯಿತು. ಕೇಳಿ ಮುಗಿಸಿ ಎದ್ದುಹೋದರು. ಸಿಟ್ಟಾದರೇನೋ ಎಂದುಕೊಂಡೆ. ಮರುದಿನ ಮುಂಜಾನೆ ನೋಡಿದರೆ ಅವರ ಎರಡು ಹಳೆಯ ಧೋತರ ಒಗೆದು, ಒಣಗಿಸಿ, ಅಳತೆಗೆ ಹರಿದು, ಮಡಿಚಿ ನನ್ನ ಚೀಲದ ಪಕ್ಕದಲ್ಲಿಟ್ಟಿದ್ದವು. ಆ ಬಗ್ಗೆ ನಾವಿಬ್ಬರೂ ಮುಂದೆಂದೂ ಮಾತಾಡಲಿಲ್ಲ. ಹಳೆ ಧೋತರ ಮಾತ್ರ ಎಂದೂ ಕಡಿಮೆಯಾಗಲಿಲ್ಲ.

ರಬ್ಬರ್ ಉಡುಪು ಸಿದ್ಧವಾಯಿತು. ಬಚ್ಚಲಲ್ಲಿ ಅದರೊಳಗೆ ಒಂದು ಲೋಟ ನೀರು ಸುರಿದು ಎತ್ತಿ ಹಿಡಿದೆವು. ಹೊಲಿಗೆಯ ಪ್ರತಿ ತೂತಿನಿಂದಲೂ ನೀರು ಸಾಲಾಗಿ ಚಿಮ್ಮಿತು. ಆಪಾ ತಮ್ಮ ಹಣೆ ಬಡಿದುಕೊಂಡು ಸೀದಾ ಗಂಡನ ಅಂಗಡಿಗೆ ಹೋದರು. ಪಂಕ್ಚರ್‌ಗೆ ಹಚ್ಚುವ ಸೊಲ್ಯೂಷನ್ ಬೇಕಿತ್ತು.

"ಯಾರ ಸೈಕಲ್‌ಗ?" ಎಂದು ಇಮಾಮಸಾಬರು ಕೇಳಿದರಂತೆ.

"ಬಾಜೂಮನಿ ಅಕ್ಕಾರ ಸೈಕಲ್‌ಗ."

"ಅಕ್ಕಾರ ಹತ್ರ ಸೈಕಲ್ ಎಲ್ಲೈತಿ?"

"ಇನ್ನ ಮ್ಯಾಲ ತಗೋತಾರ" ಎಂದು ಆಪಾ ಟ್ಯೂಬು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಇಮಾಮಸಾಬರು ಎಷ್ಟೋ ವರ್ಷ ನನ್ನನ್ನು ಕಂಡಾಗಲೆಲ್ಲ, "ಸೈಕಲ್ ಯಾವಾಗ ತಗೋತೀರಿ ಅಕ್ಕಾರ?" ಎಂದು ಕೇಳುತ್ತಿದ್ದರು.

ಹೊಲಿಗೆಯ ಮೇಲೆ ಸೊಲ್ಯೂಷನ್ ಹಚ್ಚಿ, ಸಣ್ಣ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ನೀರು ನಿಂತಿತು. ಆಪಾ ಅದನ್ನು ಬೆಳಕಿಗೆ ಹಿಡಿದು, "ಈಗ ಹೋಗು. ಧೈರ್ಯಲೆ ನೀರ ಕುಡಿ" ಎಂದರು.

ಪರೀಕ್ಷೆಯ ದಿನ ಬೇಗನೆ ಬಂತು. ತಿಕೋಟಾದಲ್ಲಿ ಮೂರು ಲೋಟ ನೀರು ಕುಡಿದು ಸಾಹೇಬರ ಜೀಪಿನಲ್ಲಿ ಬಬಲೇಶ್ವರದ ಕಡೆ ಹೊರಟಿದ್ದೆ. ನಡುದಾರಿಯಲ್ಲಿ ಇಂಜಿನ್ನಿನ ಬೆಲ್ಟು ಹರಿಯಿತು. ಡ್ರೈವರು ತಿಕೋಟಾದ ಕಡೆ ನಡೆದುಹೋದ. ಉಳಿದವರು ಸಾಹೇಬರು, ನಾನು ಮತ್ತು ನಾಲ್ಕೂ ದಿಕ್ಕಿಗೆ ಬರಿದಾದ ಕರಿನೆಲ. ಒಂದು ತಾಸು ಕಳೆಯಿತು. ಮೂರು ಲೋಟ ನೀರು ತನ್ನ ಲೆಕ್ಕ ಕೇಳತೊಡಗಿತು.

ಸಾಹೇಬರು ರಸ್ತೆಯ ಬದಿಯಲ್ಲಿ ನಿಂತು ಹೊಗೆ ಇಲ್ಲದ ಒಲೆಯ ವಿಷಯ ಹೇಳುತ್ತಿದ್ದರು. ಕೊಳವೆ ಎಷ್ಟು ಎತ್ತರವಿರಬೇಕು, ಬೂದಿ ಎಲ್ಲಿಂದ ತೆಗೆಯಬೇಕು. ನಾನು ಅವರಿಂದ ನಾಲ್ಕು ಮಾರು ದೂರ ಮೈಲಿಗಲ್ಲಿನ ಪಕ್ಕ ನಿಂತು ತಲೆಯಾಡಿಸುತ್ತಿದ್ದೆ. ಎಲ್ಲ ವ್ಯವಸ್ಥೆ ಮೈಮೇಲಿತ್ತು, ಬಿಟ್ಟರಾಯಿತು. ಆದರೆ ಬಿಡಲು ಬರಲಿಲ್ಲ! ಇಪ್ಪತ್ತೆಂಟು ವರ್ಷ ತಡೆದುಕೊಳ್ಳುವುದನ್ನೇ ಕಲಿತ ಮೈ, ಈಗ ಬಿಡು ಎಂದರೆ ನಂಬಲು ತಯಾರಿಲ್ಲ. ಹೊಟ್ಟೆ ಬಿರಿಯುತ್ತಿದೆ, ಬಟ್ಟೆ ಸಿದ್ಧವಿದೆ, ಮೈ ಒಲ್ಲೆ ಎನ್ನುತ್ತದೆ. ಕಣ್ಣು ಮುಚ್ಚಿ ತುಂಗಭದ್ರೆ, ಕೃಷ್ಣೆ, ಭೀಮೆ ಎಲ್ಲ ನದಿಗಳನ್ನೂ ನೆನೆದೆ.

"ಏನ ವಿಚಾರ ಮಾಡಾಕತ್ತೀರಿ ಅಕ್ಕಾರ?" ಸಾಹೇಬರು ಕೇಳಿದರು.

"ಹೊಗಿ ಹೊರಗ ಹೋಗೋ ದಾರಿ ವಿಚಾರ ಮಾಡಾಕತ್ತೇನ್ರಿ ಸಾಹೇಬ್ರ."

"ಅದ ನೋಡ್ರಿ ಮುಖ್ಯ! ದಾರಿ ಬಿಟ್ರ ತಾನ ಹೋಗ್ತೈತಿ."

ಆ ಮಾತು ಕೇಳಿ ನನಗೆ ನಗು ಬಂತು. ನಗು ಬಂದ ಕ್ಷಣಕ್ಕೆ ಒಳಗಿನ ಗಂಟು ಸಡಿಲಾಯಿತು. ಬೆಚ್ಚಗೆ, ಸದ್ದಿಲ್ಲದೆ, ಬಹಳ ಹೊತ್ತು. ಕೆಳಗೆ ನೋಡಿದೆ. ಚಪ್ಪಲಿ ಒಣಗಿತ್ತು, ಸೀರೆಯ ಅಂಚು ಒಣಗಿತ್ತು, ನೆಲ ಒಣಗಿತ್ತು. ಭುಜ ತಾನಾಗಿ ಕೆಳಗಿಳಿಯಿತು. ಎರಡು ವರ್ಷದಿಂದ ಆ ಭುಜಗಳನ್ನು ಎತ್ತಿ ಹಿಡಿದಿದ್ದೆ ಎನ್ನುವುದೇ ಆಗ ಗೊತ್ತಾಯಿತು.

"ನಿಮ್ಮ ಮಾರಿ ಮ್ಯಾಲ ಭಾಳ ಸಮಾಧಾನ ಕಾಣಾಕತ್ತೈತಿ" ಎಂದರು ಸಾಹೇಬರು.

"ದಾರಿ ಸಿಕ್ತ್ರಿ" ಎಂದೆ.

ಆ ವರ್ಷದ ವರದಿಯಲ್ಲಿ ಅವರು ನನ್ನ ಬಗ್ಗೆ 'ಒಲೆಯ ಕಾರ್ಯಕ್ರಮದಲ್ಲಿ ವಿಶೇಷ ಆಸಕ್ತಿ' ಎಂದು ಬರೆದರು.

ತಿಕೋಟಾದ ಕಚೇರಿಯ ಹಿಂದೆ ಚಿಲಕವಿದ್ದ ಒಂದು ಸಾಮಾನಿನ ಕೋಣೆ ಇತ್ತು. ಅಲ್ಲಿ ಒಳಗಿನ ಮಡಿಕೆ ಬದಲಿಸಿ, ತೊಯ್ದದ್ದನ್ನು ಉಳಿದ ರಬ್ಬರ್ ಚೂರಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಳ್ಳುತ್ತಿದ್ದೆ. ಅಷ್ಟಾದರೆ ದಿನ ನಡೆಯುತ್ತಿತ್ತು. ಸೊಂಟದ ನೋವು ಇಳಿಯಿತು. ಅರಕೇರಿಯಲ್ಲಿ ಮಜ್ಜಿಗೆ ಕುಡಿದೆ, ಇಟ್ಟಂಗಿಹಾಳದಲ್ಲಿ ಪಾನಕ ಕುಡಿದೆ, ಗೌಡರ ಮನೆಯಲ್ಲಿ ಚಹಾ ಕುಡಿದೆ. ಮೊದಲು ಹೋಗಬೇಕಾದ ಮನೆಗೆ ಮಾತ್ರ ಕೊನೆಗೆ ಹೋದೆ. ಧೈರ್ಯ ಬರಲು ಅಷ್ಟು ದಿನ ಹಿಡಿಯಿತು.

ಎಲ್ಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. "ಎಲ್ಲವ್ವ, ಒಂದ ತಂಬಿಗಿ ನೀರ ಕೊಡು" ಎಂದೆ.

ಅವಳು ಮೊರದಿಂದ ಕಣ್ಣೆತ್ತದೆ, "ಇವತ್ತ ನೀರ ತಂದಿಲ್ರಿ" ಎಂದಳು. ಅವಳ ಹಿಂದೆ ತುಂಬಿದ ಎರಡು ಕೊಡಗಳಿದ್ದವು. ಬಾಯವರೆಗೆ ತುಂಬಿ ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಅವನ್ನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಕೂಸುಗಳನ್ನು ತೂಗಿ, ಬರೆದುಕೊಂಡು, ಎದ್ದುಬಂದೆ. ನನಗೆ ಸಲ್ಲಬೇಕಾದದ್ದು ಸಂದಿತ್ತು. ಯಾರ ಮೇಲೆ ಸಿಟ್ಟಾಗಲಿ?

ಅದಾಗಿ ಎರಡು ವಾರಕ್ಕೆ ಒಂದು ದಿನ ಕೆಲಸ ಬೇಗ ಮುಗಿದು ಬಬಲೇಶ್ವರದಿಂದ ಬಿಜಾಪುರಕ್ಕೆ ತಿರುಗಿ ಬರುವ ಬಸ್ಸು ಹತ್ತಿದೆ. ಮೇ ತಿಂಗಳ ನಡುಮಧ್ಯಾಹ್ನ. ಒಂದೇ ಜಾಗ ಖಾಲಿ ಇತ್ತು, ಎಲ್ಲವ್ವನ ಪಕ್ಕದಲ್ಲಿ. ಬಿಜಾಪುರದಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದಳು, ಮಡಿಲಲ್ಲಿ ಮಜ್ಜಿಗೆಯ ಗಡಿಗೆ. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು.

ನನಗೆ ಆಗ ಅಹಂಕಾರ ಬಂದಿತ್ತು. ನೀರು ಕುಡಿಯುವುದರಲ್ಲಿ ನನ್ನನ್ನು ಸೋಲಿಸುವವರಿಲ್ಲ ಎಂಬ ಅಹಂಕಾರ. ಬಸ್ಸಿಗೆ ಕಾಯುವಾಗ ಎರಡು ಗ್ಲಾಸು ಕಬ್ಬಿನ ಹಾಲು ಕುಡಿದಿದ್ದೆ. ಅರ್ಧ ದಾರಿಗೆ ಬಂದಾಗ ಬಿಟ್ಟೆ, ಎಂದಿನಂತೆ, ನಿಶ್ಚಿಂತೆಯಿಂದ. ಆದರೆ ಬಿಸಿಲಿಗೆ ಕಾದ ಸೀಟಿನ ಮೇಲೆ ಕುಳಿತು ಕುಳಿತು ಹೊಲಿಗೆಗೆ ಹಚ್ಚಿದ ಸೊಲ್ಯೂಷನ್ ಮೆತ್ತಗಾಗಿ ಪಟ್ಟಿ ಬಿಚ್ಚಿಕೊಂಡಿತ್ತು. ತೊಡೆಯ ಕೆಳಗೆ ತಂಪಾಯಿತು. ಸೀರೆಗೆ ಇಳಿಯಿತು, ಸೀಟಿಗೆ ಇಳಿಯಿತು. ಸೀಟಿನ ಅಂಚಿನಿಂದ ಒಂದು ಹನಿ ಬಸ್ಸಿನ ಹಲಗೆಯ ಮೇಲೆ ಬಿತ್ತು. ಇನ್ನೊಂದು. ಟಿಕೀಟು ಹರಿಯುತ್ತ ಕಂಡಕ್ಟರು ಎರಡು ಸೀಟು ಮುಂದೆ ಬಂದಿದ್ದರು. ಬಸ್ಸಿನ ತುಂಬ ನನ್ನನ್ನು ಬಲ್ಲವರು, ನನ್ನಿಂದ ಸ್ವಚ್ಛತೆಯ ಪಾಠ ಕೇಳಿದವರು.

ಎಲ್ಲವ್ವ ಕೆಳಗೆ ನೋಡಿದಳು. ನನ್ನ ಮುಖ ನೋಡಿದಳು. ಮರುಕ್ಷಣ, ಮಡಿಲಲ್ಲಿದ್ದ ಗಡಿಗೆಯನ್ನು ಎರಡೂ ಕೈಯಿಂದ ನನ್ನ ಮೇಲೆ ಮಗುಚಿದಳು! ಅಷ್ಟೂ ಮಜ್ಜಿಗೆ ನನ್ನ ಸೀರೆ, ಅವಳ ಸೀರೆ, ಸೀಟು, ಹಲಗೆ ಎಲ್ಲದರ ಮೇಲೆ ಹರಿಯಿತು.

"ಅಯ್ಯಯ್ಯೋ ನನ್ನ ಮಜ್ಜಿಗಿ!" ಎಂದು ಬಸ್ಸು ಬಿರಿಯುವ ಹಾಗೆ ಕೂಗಿದಳು. "ಅಕ್ಕಾರ ಸೀರಿ ಎಲ್ಲಾ ಹೊಲಸಾತಲ್ಲ! ಏ ಕಂಡಕ್ಟರಪ್ಪಾ, ನಿಮ್ಮ ಡ್ರೈವರ್‌ಗ ಕಣ್ಣ ಇಲ್ಲೇನ? ಗುಂಡ್ಯಾಗ ಹಿಂಗ ಎತ್ತಿ ಒಗದ್ರ ಬಡವರ ಗಡಿಗಿ ಉಳಿತೈತೇನ?"

"ಗುಂಡಿ ಎಲ್ಲಿತ್ತ ಬೇ? ದಾರಿ ಸಪಾಟ ಐತಿ" ಎಂದರು ಕಂಡಕ್ಟರು.

"ಸಪಾಟ ಇದ್ರ ಗಡಿಗಿ ತಾನ ಹಾರತೇನ? ನನಗ ಹೇಳಬ್ಯಾಡ!"

ಜನ ನಕ್ಕರು. ಯಾರೋ ಒರೆಸಲು ಹಳೆ ಚೀಲ ಕೊಟ್ಟರು. ಬಸ್ಸೆಲ್ಲ ಹುಳಿ ಮಜ್ಜಿಗೆಯ ವಾಸನೆ. ಆ ಗದ್ದಲದ ಕೆಳಗೆ ಎಲ್ಲವ್ವನ ಕೈ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿತ್ತು. "ಸುಮ್ಮ ಕೂಡ್ರಿ" ಎಂದಳು ಮೆಲ್ಲಗೆ. "ನಾನೂ ಆರ ಹಡದಾಕಿ. ನನಗ ಗೊತ್ತಾಗಂಗಿಲ್ಲೇನ?"

ಬಸ್ಸು ಇಳಿದ ಮೇಲೆ ಅವಳನ್ನು ಬಿಡದೆ ಮನೆಗೆ ಕರೆತಂದೆ. ಹೊಸ್ತಿಲ ಹೊರಗೇ ನಿಂತವಳನ್ನು ಕೈ ಹಿಡಿದು ಒಳಗೆ ಕರೆದು, ಬಚ್ಚಲು ತೋರಿಸಿ, ಉಡಲು ನನ್ನ ಸೀರೆ ಕೊಟ್ಟೆ. ಸ್ನಾನ ಮುಗಿಸಿ ಹಿತ್ತಿಲಿಗೆ ಬಂದವಳು, ಹಗ್ಗದ ಮೇಲೆ ನಾನು ಒಣಹಾಕಿದ್ದ ಕೆಂಪು ರಬ್ಬರಿನ ಉಡುಪು ನೋಡಿ ನಿಂತಳು.

"ಇದೇನ್ರಿ ಅಕ್ಕಾರ, ಎತ್ತಿನ ಮೈಮ್ಯಾಲ ಹೊದಸೋ ಝೂಲೇನ?"

ಎಲ್ಲ ಹೇಳಿದೆ. ನೀರು ಬಿಟ್ಟದ್ದು, ಜ್ವರ ಬಂದದ್ದು, ಡಾಕ್ಟರು ಬೈದದ್ದು, ಸ್ಟೂಲು ಎದ್ದದ್ದು, ಸಾಹೇಬರ ಒಲೆ. ಅವಳು ಬಾವಿಯ ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕಳು. ನಗುತ್ತ ನಗುತ್ತ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಹಂಗಾರ ನಮ್ಮ ನೀರ ಒಲ್ಲೆ ಅಂದದ್ದ ಇದಕ್ಕೇನ್ರಿ?"

"ಇದಕ್ಕ, ಎಲ್ಲವ್ವ. ಯಾರ ಮನ್ಯಾಗೂ ಕುಡೀತಿರಲಿಲ್ಲ."

"ಒಂದ ಮಾತ ಹೇಳಬೇಕಿಲ್ಲೋ? ಇಷ್ಟ ದಿನ ನಿಮ್ಮನ್ನ ನೆನಸಿ ನೆನಸಿ ಸಿಟ್ಟಾದ್ನಲ್ಲ."

"ನಾಚಿಕಿ ಆತು."

"ನಾಚಿಕಿ!" ಎಂದಳು. "ನನ್ನ ಮುಂದ ಊರ ಹೆಣ್ಮಕ್ಕಳೆಲ್ಲಾ ಹಡದಾರ. ನಿಮ್ಮದೇನ ಹೊಸಾದೈತಿ?"

ಆಮೇಲೆ ಅವಳು ನನ್ನೊಡನೆ ಅಡಿಗೆ ಮನೆಯಲ್ಲೇ ಉಂಡಳು. ಹೋಗುವಾಗ ಮಜ್ಜಿಗೆಯ ದುಡ್ಡಿನ ಮಾತು ನಾನು ತೆಗೆದರೆ ಕೈ ಅಡ್ಡ ಹಿಡಿದು ಹೋಗಿಯೇಬಿಟ್ಟಳು.

ಮುಂದಿನ ಸಲ ಅವಳ ಊರಿಗೆ ಹೋದಾಗ ನಾನು ಕೇಳುವ ಮೊದಲೇ ತಂಬಿಗೆ ಬಂತು. ನಿಂತಲ್ಲೇ ಇಡೀ ತಂಬಿಗೆ ಕುಡಿದೆ, ಇನ್ನೊಂದು ಕೇಳಿ ಕುಡಿದೆ. ಅಂಗಳದ ಹೆಂಗಸರು ನೋಡುತ್ತಿದ್ದರು. ಎಲ್ಲವ್ವ ಖಾಲಿ ತಂಬಿಗೆ ಇಸಿದುಕೊಂಡು, "ಬರ್ರಿ" ಎಂದು ಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಕಣಿಕೆಯ ಬಣವೆಗೆ ಒತ್ತಿ, ಜೋಳದ ದಂಟುಗಳನ್ನು ನಿಲ್ಲಿಸಿ ಕಟ್ಟಿದ ಹೊಸ ತಟ್ಟಿ ಇತ್ತು. ಆಳೆತ್ತರ. ಒಳಗೆ ಎರಡು ಹಾಸುಗಲ್ಲು, ಒಂದು ಸಣ್ಣ ಕಾಲುವೆ, ಮೂಲೆಯಲ್ಲಿ ನೀರು ತುಂಬಿದ ಮಡಿಕೆ. ದ್ವಾರಕ್ಕೆ ಹಳೆಯ ಕೌದಿ ಇಳಿಬಿಟ್ಟಿದ್ದಳು.

"ಎತ್ತಿನ ಝೂಲ ಮನ್ಯಾಗ ಇಟ್ಟ ಬರ್ರಿ ಇನ್ನ ಮ್ಯಾಲ" ಎಂದಳು. "ಅವಸರ ಮಾಡಬ್ಯಾಡ್ರಿ. ನಾ ಇಲ್ಲೇ ನಿಂತೇನಿ."

ಕೌದಿಯ ಹಿಂದೆ ಕುಳಿತೆ. ಹೊರಗೆ ಎಲ್ಲವ್ವ ಎಮ್ಮೆಯನ್ನು ಬೈಯುತ್ತಿದ್ದಳು. ಕಣಿಕೆಯ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ಕೈಮೇಲೆ ಬಿದ್ದಿತ್ತು. ನಡುಹಗಲು, ಬಯಲು ಸೀಮೆ, ಮನೆಯಿಂದ ಹದಿನೈದು ಮೈಲಿ ದೂರ. ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕುಳಿತು ಎದ್ದುಬಂದೆ.

ಎಲ್ಲ ಹಳ್ಳಿಯಲ್ಲೂ ಎಲ್ಲವ್ವ ಇರಲಿಲ್ಲವಾದ್ದರಿಂದ ರಬ್ಬರ್ ಉಡುಪು ಇನ್ನೂ ಕೆಲವು ವರ್ಷ ನನ್ನ ಜೊತೆ ತಿರುಗಾಡಿತು. ಜುಲೇಖಾ ಆಪಾ ಅಂಥದ್ದೇ ಒಂದನ್ನು ಹಾಸಿಗೆ ಹಿಡಿದಿದ್ದ ತಮ್ಮ ಅತ್ತೆಗೆ, ಮತ್ತೆರಡನ್ನು ದೂರದ ಊರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಶಿಕ್ಷಕಿಯರಿಗೆ ಹೊಲಿದುಕೊಟ್ಟರು. ಯಾರಿಗೆ ಎಂದು ನನಗೂ ಹೇಳಲಿಲ್ಲ. ಅವರ ಬಾಯಿ ಅಷ್ಟು ಗಟ್ಟಿ.

ಮಳೆಗಾಲ ಕಳೆದು ಮತ್ತೆ ಎಲ್ಲವ್ವನ ಕೇರಿಗೆ ಹೋದೆ. ನೀರು ಕುಡಿದು, ಕೂಸುಗಳನ್ನು ತೂಗಿ, ಎಂದಿನಂತೆ ಮನೆಯ ಹಿಂದಕ್ಕೆ ನಡೆದೆ. ತಟ್ಟಿಯ ಮುಂದೆ ಮೂವರು ಹೆಂಗಸರು ಪಾಳಿ ಹಚ್ಚಿ ನಿಂತಿದ್ದರು. ಕೊನೆಯಲ್ಲಿದ್ದವಳು ಗೌಡರ ಮನೆಯ ಕಿರಿ ಸೊಸೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಏಳು ತಿಂಗಳ ಬಸುರಿ. ಹಗಲು ಹೊತ್ತಿನಲ್ಲಿ ಊರೊಳಗಿನ ಸೊಸೆ ಈ ಕೇರಿಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸಾಲ ಹಿಡೀರಿ ಅಕ್ಕಾರ" ಎಂದಳು ಎಲ್ಲವ್ವ, ಕಟ್ಟೆಯ ಮೇಲೆ ಕುಳಿತಲ್ಲಿಂದಲೇ. "ಇಲ್ಲೆ ಸರ್ಕಾರದವರಿಗೆ ಬ್ಯಾರೆ ದಾರಿ ಇಲ್ಲ."

ಮೂವರೂ ಬಾಯಿಗೆ ಸೆರಗು ಒತ್ತಿ ನಕ್ಕರು. ನಾನು ಗೌಡರ ಸೊಸೆಯ ಹಿಂದೆ ನಾಲ್ಕನೆಯವಳಾಗಿ ನಿಂತೆ.